‘ಸಾಧುಗೆ ಸಾಧು’: ಬಾದಾಮಿಯ ಬಂಡೆಯ ಮೇಲಿನ ಮೂರು ಸಾಲನ್ನು ಓದುವುದು ಹೇಗೆ?

ನವೆಂಬರ್ ಹತ್ತಿರ ಬಂತೆಂದರೆ ಈ ಮೂರು ಸಾಲು ಫೋನಿನಿಂದ ಫೋನಿಗೆ ಓಡಾಡಲು ಶುರುಮಾಡುತ್ತವೆ:

ಸಾಧುಗೆ ಸಾಧು ಮಾಧುರ್ಯನ್ಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗವಿಪರೀತನ್
ಮಾಧವನೀತನ್ ಪೆಱನಲ್ಲ

ಕೆಳಗೆ ಒಂದೇ ಸಾಲಿನ ಅರ್ಥ ಇರುತ್ತದೆ: ‘ಒಳ್ಳೆಯವರಿಗೆ ಒಳ್ಳೆಯವನು, ಸಿಹಿಯಾದವರಿಗೆ ಸಿಹಿ, ಕೆಟ್ಟವರಿಗೆ ಯಮ.’ ಓದಿ ಖುಷಿಪಟ್ಟು ಮುಂದಕ್ಕೆ ಕಳಿಸುತ್ತೇವೆ. ಆದರೆ ಮೂಲದಲ್ಲಿ ಯಮ ಎಲ್ಲಿದ್ದಾನೆ? ‘ಪೆಱನಲ್ಲ’ ಅಂದರೇನು? ಇದನ್ನು ಪದ್ಯ ಎನ್ನುತ್ತಾರಲ್ಲ, ಪ್ರಾಸ ಎಲ್ಲಿದೆ? ಮನೆಯಲ್ಲಿ ಶಾಲೆಗೆ ಹೋಗುವ ಮಗು ಈ ಮೂರನೆಯ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಬಹಳ ಜನ ತಡವರಿಸುತ್ತೇವೆ. ಸಾಲಿನ ಕೊನೆಯ ಪದಗಳನ್ನು ನೋಡಿ: ಮಾಧುರ್ಯಂ, ವಿಪರೀತನ್, ಪೆಱನಲ್ಲ. ಒಂದಕ್ಕೊಂದು ತಾಳೆಯೇ ಇಲ್ಲ.

ಪ್ರಾಸ ಇದೆ, ಭರ್ತಿಯಾಗಿಯೇ ಇದೆ. ನಾವು ಬಾಲದಲ್ಲಿ ಹುಡುಕುತ್ತಿರುವುದು ತಲೆಯಲ್ಲಿದೆ, ಅಷ್ಟೆ. ಅಲ್ಲಿಂದ ಹಿಡಿದರೆ ಪದಗಳ ಅರ್ಥವೂ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಪದ್ಯ ಇರುವ ಜಾಗ

ಬಾಗಲಕೋಟೆ ಜಿಲ್ಲೆಯ ಬಾದಾಮಿ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. ಆಗಿನ ಹೆಸರು ವಾತಾಪಿ. ಊರಿನ ಕೆರೆಯ ಪಕ್ಕ, ತಟ್ಟುಕೋಟಿಯ ಕಡೆಯ ಕೆಂಪು ಬಂಡೆಯ ಮೇಲೆ ಈ ಶಾಸನ ಕೆತ್ತಲಾಗಿದೆ. ಕಾಲ ಸುಮಾರು ಕ್ರಿ.ಶ. 700. ಇದಕ್ಕೆ ಕಪ್ಪೆ ಅರಭಟ್ಟನ ಶಾಸನ ಎಂದು ಹೆಸರು. ಅರಭಟ್ಟ ದೊರೆಯಲ್ಲ. ದಾನ ಕೊಟ್ಟದ್ದು, ಯುದ್ಧ ಗೆದ್ದದ್ದು, ತೇದಿ, ಮನೆತನ ಯಾವುದೂ ಇಲ್ಲಿಲ್ಲ. ಅವನು ಎಂಥವನು ಎಂಬುದಷ್ಟೇ ಇದೆ.

ಶಾಸನದಲ್ಲಿ ಒಟ್ಟು 5 ಪದ್ಯ. ಮೊದಲನೆಯದು ಅವನ ಪರಿಚಯ: ಶಿಷ್ಟಜನಪ್ರಿಯನ್, ಕಷ್ಟಜನವರ್ಜಿತನ್, ಕಲಿಯುಗವಿಪರೀತನ್. ಎರಡನೆಯದು ಸಂಸ್ಕೃತ ಶ್ಲೋಕ: ತೇಜಸ್ವಿಗೆ ಮಾನಭಂಗಕ್ಕಿಂತ ಸಾವೇ ಲೇಸು, ಸಾವಿನ ದುಃಖ ಒಂದು ಕ್ಷಣದ್ದು, ಮಾನ ಹೋದರೆ ದಿನದಿನವೂ ದುಃಖ. ಉಳಿದ ಮೂರೂ ಕನ್ನಡದ ತ್ರಿಪದಿಗಳು. ನಮಗೆ ಸಿಕ್ಕಿರುವ ತ್ರಿಪದಿಗಳಲ್ಲಿ ಇವೇ ಹಳೆಯವು. ಫೋನಿನಲ್ಲಿ ಓಡಾಡುವುದು ಇವುಗಳಲ್ಲಿ ಮೊದಲನೆಯದು.

ಇಷ್ಟನ್ನೆಲ್ಲ ಬಂಡೆಯ ಮೇಲೆ ಬರೆದಿರುವುದು 10 ಸಾಲಿನಲ್ಲಿ. ಲೆಕ್ಕ ಹಾಕಿ: ಎರಡೆರಡು ಸಾಲಿನ 2 ಪದ್ಯ, ಮೂರು ಮೂರು ಸಾಲಿನ 3 ತ್ರಿಪದಿ, ಒಟ್ಟು 13 ಸಾಲು. ಅಂದರೆ ಕಲ್ಲಿನ ಸಾಲೇ ಬೇರೆ, ಪದ್ಯದ ಸಾಲೇ ಬೇರೆ. ಹಾಗಾದರೆ ‘ಮಾಧುರ್ಯಂ’ ಆದಮೇಲೆ ಒಂದು ಸಾಲು ಮುಗಿಯಿತು, ‘ಬಾಧಿಪ್ಪ’ದಿಂದ ಹೊಸದು ಶುರು ಎಂದು ನಮಗೆ ಹೇಳಿದವರು ಯಾರು? ಪ್ರಾಸವೇ ಹೇಳುತ್ತದೆ.

ಎರಡನೆಯ ಅಕ್ಷರ

ಪ್ರತಿ ಸಾಲಿನ ಮೊದಲ ಪದವನ್ನು ಮಾತ್ರ ಓದಿ: ಸಾಧುಗೆ, ಬಾಧಿಪ್ಪ, ಮಾಧವನ್. ಮೂರರಲ್ಲೂ ಎರಡನೆಯ ಅಕ್ಷರ ‘ಧ’. ಒಂದು ಕಡೆ ಧು, ಒಂದು ಕಡೆ ಧಿ, ಒಂದು ಕಡೆ ಧ. ಸ್ವರ ಬದಲಾದರೆ ತೊಂದರೆಯಿಲ್ಲ, ವ್ಯಂಜನ ಬದಲಾಗಬಾರದು. ಇದಕ್ಕೆ ಆದಿಪ್ರಾಸ ಅಥವಾ ದ್ವಿತೀಯಾಕ್ಷರ ಪ್ರಾಸ ಎಂದು ಹೆಸರು. ಹಳೆಯ ಕನ್ನಡ ಕಾವ್ಯದಲ್ಲಿ ಬರಿದೇ ‘ಪ್ರಾಸ’ ಎಂದರೆ ಸಾಮಾನ್ಯವಾಗಿ ಇದೇ.

ಇನ್ನೊಂದು ನಿಯಮವೂ ಉಂಟು. ಆ ಎರಡನೆಯ ಅಕ್ಷರದ ಹಿಂದೆ ಇರುವ ಮೊದಲ ಅಕ್ಷರದ ತೂಕ ಎಲ್ಲ ಸಾಲಿನಲ್ಲೂ ಒಂದೇ ಇರಬೇಕು. ಸಾ, ಬಾ, ಮಾ: ಮೂರೂ ದೀರ್ಘ. ಮರ, ಕೆರೆ, ಹಿರಿ ಇವು ಒಂದು ಗುಂಪಿಗೆ ಸೇರುತ್ತವೆ. ಊರು, ಬೇರು, ಮಾರಿ ಇನ್ನೊಂದಕ್ಕೆ. ‘ಮರ’ದ ಜೊತೆ ‘ಊರು’ ತಂದರೆ ಎರಡನೆಯ ಅಕ್ಷರ ‘ರ’ವೇ ಆದರೂ ಹಳೆಯ ಕವಿಯ ಕಿವಿಗೆ ಅದು ಪ್ರಾಸವಲ್ಲ. ಗಟ್ಟಿಯಾಗಿ ಹೇಳಿ ನೋಡಿ, ತೂಕ ಒಂದು ಕಡೆ ವಾಲುವುದು ನಮ್ಮ ಕಿವಿಗೂ ಕೇಳುತ್ತದೆ.

ಸಾಲಿನ ತುದಿಯನ್ನು ಬಿಟ್ಟು ತಲೆಯನ್ನೇ ಯಾಕೆ ಹಿಡಿದರು? ಕನ್ನಡ ಪದದ ಕಟ್ಟಡ ನೋಡಿದರೆ ಒಂದು ಕಾರಣ ಹೊಳೆಯುತ್ತದೆ. ನಮ್ಮ ಪದಗಳಲ್ಲಿ ಬೇರು ಮುಂದೆ, ಪ್ರತ್ಯಯ ಹಿಂದೆ. ಮನೆಯಲ್ಲಿ, ಮರದಲ್ಲಿ, ಊರಿನಲ್ಲಿ, ಕಾಡಿನಲ್ಲಿ: ಕವಿ ಏನೂ ಬೆವರು ಸುರಿಸದೆ ತುದಿಗಳು ತಾವಾಗಿಯೇ ಹೊಂದಿಕೊಂಡುಬಿಡುತ್ತವೆ. ವ್ಯಾಕರಣ ಪುಕ್ಕಟೆ ಕೊಡುವ ಹೊಂದಿಕೆಯಲ್ಲಿ ಕಿವಿಗೆ ಸೋಜಿಗವೇನಿದೆ? ಪದದ ಮೊದಲ ಭಾಗ ಹಾಗಲ್ಲ. ಅಲ್ಲಿ ಹೊಂದಿಸಬೇಕಾದರೆ ಪದವನ್ನೇ ಹುಡುಕಬೇಕು. ತಮಿಳು, ತೆಲುಗು ಕಾವ್ಯಗಳಲ್ಲೂ ಸಾಲಿನ ಎರಡನೆಯ ಅಕ್ಷರವನ್ನು ಹೊಂದಿಸುವ ಇದೇ ರೂಢಿ ಇದೆ. ತಮಿಳರು ಇದಕ್ಕೆ ಎದುಗೈ ಎನ್ನುತ್ತಾರೆ. ಸಂಸ್ಕೃತದ ಶ್ಲೋಕಗಳಿಗೆ ಇದು ಕಡ್ಡಾಯವಲ್ಲ. ಹಾಗಾಗಿಯೇ ಅರಭಟ್ಟನ ಶಾಸನದ ಸಂಸ್ಕೃತ ಶ್ಲೋಕದ ಎರಡು ಸಾಲು ‘ವರಂ’ ಮತ್ತು ‘ಮೃತ್ಯು’ ಎಂದು ಶುರುವಾಗುತ್ತವೆ, ಪ್ರಾಸದ ಗೊಡವೆಯೇ ಇಲ್ಲ. ಅದರ ಹಿಂದೆ ಮುಂದೆ ಇರುವ ಕನ್ನಡ ಪದ್ಯಗಳಲ್ಲಿ ಮಾತ್ರ ಪ್ರಾಸ ಇದೆ. ಪರಿಚಯದ ಪದ್ಯದ ‘ಶಿಷ್ಟ’, ‘ಕಷ್ಟ’ ಕೂಡ ಅದೇ ಕಿವಿಯ ಕೆಲಸ.

ಪ್ರಾಸದ ಬಗೆಗಳಿಗೆ ಹಳಬರು ಪ್ರಾಣಿಗಳ ಹೆಸರಿಟ್ಟಿದ್ದಾರೆ. ಸುಮಾರು 990ರಲ್ಲಿ ಛಂದೋಂಬುಧಿ ಬರೆದ ಒಂದನೆಯ ನಾಗವರ್ಮ, ‘ಅಂಬುಜಮುಖಿ’ ಎಂದು ಕರೆದು ಕಲಿಸುವ ಧಾಟಿಯಲ್ಲಿ, ಆರು ಪ್ರಾಸಗಳನ್ನು ಒಂದೇ ಕಂದಪದ್ಯದಲ್ಲಿ ಮುಗಿಸುತ್ತಾನೆ. ಹಿಂದೆ ಹ್ರಸ್ವ ಇದ್ದರೆ ಸಿಂಹಪ್ರಾಸ (ಮರ, ಕೆರೆ). ದೀರ್ಘ ಇದ್ದರೆ ಗಜಪ್ರಾಸ (ಊರು, ಬೇರು). ಸೊನ್ನೆ ಬಂದರೆ ವೃಷಭ (ಬಂದು, ಕೊಂದು). ಬೇರೆ ಬೇರೆ ವ್ಯಂಜನದ ಒತ್ತಾದರೆ ಶರಭ (ಸರ್ವ, ಗರ್ವ). ಅದೇ ಅಕ್ಷರಕ್ಕೆ ಅದೇ ಒತ್ತಾದರೆ ಹಯ (ಕಟ್ಟಿ, ಬಿಟ್ಟು). ವಿಸರ್ಗ ಬಂದರೆ ಅಜ. ಕನ್ನಡದಲ್ಲಿ ಅದಕ್ಕೆ ಕೆಲಸ ಕಡಿಮೆ. ಹಯಪ್ರಾಸದ ಅಕ್ಷರವನ್ನು ನಾಗವರ್ಮ ‘ದಡ್ಡಕ್ಕರ’ ಎನ್ನುತ್ತಾನೆ. ಅಕ್ಷರ ಪೆದ್ದು ಎಂದು ಬೈದದ್ದಲ್ಲ, ಇಮ್ಮಡಿಯಾದದ್ದು ಎಂದು ಅರ್ಥ.

ನಮ್ಮ ಪದ್ಯದ ಸಾಧು, ಬಾಧಿ, ಮಾಧವ ಹಾಗಾದರೆ ಗಜಪ್ರಾಸ. ಪ್ರಾಸವನ್ನು ಚರ್ಚಿಸುವ ಕವಿರಾಜಮಾರ್ಗ ಬಂದದ್ದು ಸುಮಾರು 850ರಲ್ಲಿ, ಛಂದೋಂಬುಧಿ ಇನ್ನೂ ಆಮೇಲೆ. ನಿಯಮ ಪುಸ್ತಕಕ್ಕೆ ಏರುವುದಕ್ಕೆ ನೂರೈವತ್ತು ವರ್ಷ ಮೊದಲೇ ಬಂಡೆಯ ಕವಿ ಅದನ್ನು ಪಾಲಿಸಿ ಮುಗಿಸಿದ್ದಾನೆ.

ಹನ್ನೊಂದು ತುಂಡು

ತ್ರಿಪದಿ ಎಂದರೆ ಮೂರು ಸಾಲು ಮಾತ್ರವಲ್ಲ, 11 ತುಂಡುಗಳ ನಡಿಗೆ: 4, 4, 3. ಈ ತುಂಡಿಗೆ ಗಣ ಎಂದು ಹೆಸರು. ಗಣವನ್ನು ಒಂದು ಬೆಂಚು ಎಂದುಕೊಳ್ಳಿ. ವಿಷ್ಣುಗಣ ಎಂಬ ಬೆಂಚಿನಲ್ಲಿ ಮೂರು ಜಾಗ, ಬ್ರಹ್ಮಗಣದಲ್ಲಿ ಎರಡೇ ಜಾಗ. ಕೂರುವವರು ಎರಡು ಬಗೆ: ಗುರು (ದೀರ್ಘಾಕ್ಷರ, ಅಥವಾ ಮುಂದೆ ಒತ್ತಕ್ಷರ ಇರುವ ಅಕ್ಷರ, ಅಥವಾ ‘ಅಂ’, ‘ಅನ್’ ಹಾಗೆ ಮುಚ್ಚಿಕೊಂಡದ್ದು) ಮತ್ತು ಲಘು (ಉಳಿದ ಹ್ರಸ್ವ). ಮೊದಲ ಜಾಗದಲ್ಲಿ ಒಬ್ಬ ಗುರು ಕೂರಬಹುದು, ಇಲ್ಲವೇ ಇಬ್ಬರು ಲಘು ಒತ್ತಿಕೊಂಡು ಕೂರಬಹುದು; ಅಪರೂಪಕ್ಕೆ ಲಘುವಿನ ಪಕ್ಕ ಗುರುವೂ ತೂರಿಕೊಳ್ಳುತ್ತಾನೆ. ಉಳಿದ ಜಾಗಗಳಲ್ಲಿ ಯಾರಾದರೂ ಸರಿ, ಒಬ್ಬೊಬ್ಬರೇ.

ತ್ರಿಪದಿಯ ಗುಟ್ಟು ಏನೆಂದರೆ, 11ರಲ್ಲಿ 6ನೆಯ ಮತ್ತು 10ನೆಯ ಬೆಂಚು ಮಾತ್ರ ಚಿಕ್ಕವು. ಬಿಡಿಸಿ ನೋಡೋಣ:

ಸಾಧುಗೆ | ಸಾಧುಮಾ | ಧುರ್ಯನ್ಗೆ | ಮಾಧುರ್ಯಂ
ಬಾಧಿಪ್ಪ | ಕಲಿಗೆ | ಕಲಿಯುಗ | ವಿಪರೀತನ್
ಮಾಧವ | ನೀತನ್ | ಪೆಱನಲ್ಲ

6ನೆಯದು ‘ಕಲಿಗೆ’: ಕ, ಲಿ ಒಂದೇ ಜಾಗದಲ್ಲಿ, ಗೆ ಇನ್ನೊಂದರಲ್ಲಿ. 10ನೆಯದು ‘ನೀತನ್’: ಎರಡು ಗುರು. ಉಳಿದ ಒಂಬತ್ತರಲ್ಲೂ ಮೂರು ಮೂರು ಜಾಗ ಭರ್ತಿ. ಒಂದೇ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಸುಮಾರು 1,300 ವರ್ಷದ ಹಿಂದಿನ ಪದ್ಯ ಹೀಗೆ ಬೆರಳೆಣಿಕೆಗೆ ಸಿಕ್ಕಾಗ ನನಗಂತೂ ಮೈ ಜುಮ್ಮೆನ್ನುತ್ತದೆ.

ಚಿಕ್ಕ ಬೆಂಚು ಬಂದ ಕಡೆ ನಡಿಗೆ ತುಸು ತಡೆಯುತ್ತದೆ. ಸಮವಾದ ಮೆಟ್ಟಿಲು ಹತ್ತುವಾಗ ನಡುವೆ ಒಂದು ಗಿಡ್ಡ ಮೆಟ್ಟಿಲು ಸಿಕ್ಕಂತೆ. ಕಾಲು ಅಲ್ಲಿ ಗಮನ ಕೊಡಲೇಬೇಕು. ನಮ್ಮ ಪದ್ಯದಲ್ಲಿ ಆ ಗಿಡ್ಡ ಮೆಟ್ಟಿಲ ಮೇಲೆ ಕೂತಿರುವ ಪದ ‘ಕಲಿಗೆ’. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪದ ಹಳೆಯದು, ಅರ್ಥ ಹೊಸದಾದರೆ ಮೋಸ

ಈ ಪದ್ಯದ ಹೆಚ್ಚಿನ ಪದಗಳು ನಮಗೆ ಗೊತ್ತಿರುವವೇ. ಕಷ್ಟ ಇರುವುದು ಅಲ್ಲೇ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆಗೆಯುತ್ತೇವೆ. ಗೊತ್ತಿದೆ ಅಂದುಕೊಂಡ ಪದಕ್ಕೆ ಯಾರು ತೆಗೆಯುತ್ತಾರೆ?

ಇವತ್ತು ‘ಸಾಧು’ ಎಂದರೆ ಕಾವಿ ಉಟ್ಟವರು, ಇಲ್ಲವೇ ಹಾಯದ ಹಸು. ಇಲ್ಲಿ ಅದರ ಹಳೆಯ ಅರ್ಥ: ಸಜ್ಜನ, ನೇರ ನಡತೆಯವನು. ‘ಸಾಧುಗೆ’ ಎಂಬಲ್ಲಿರುವ ‘ಗೆ’ ಇವತ್ತಿಗೂ ನಾವು ‘ಮನೆಗೆ’, ‘ಊಟಕ್ಕೆ’ ಎನ್ನುವಾಗ ಬಳಸುವ ಅದೇ ವಿಭಕ್ತಿ. ಅರಸೊತ್ತಿಗೆಗಳು ಉರುಳಿದರೂ ‘ಗೆ’ ಕದಲಿಲ್ಲ.

‘ಮಾಧುರ್ಯನ್ಗೆ’ ತುಸು ವಿಚಿತ್ರ. ಮಾಧುರ್ಯ ಎಂದರೆ ಸಿಹಿತನ, ಅದು ಗುಣದ ಹೆಸರು. ಅದಕ್ಕೆ ‘ನ್’ ಹಚ್ಚಿ ಮನುಷ್ಯನನ್ನಾಗಿ ಮಾಡಿದ್ದಾನೆ ಕವಿ. ‘ಸಿಹಿತನ ಎಂಬ ಆಸಾಮಿಗೆ ಈತ ಸಿಹಿತನವೇ’ ಎಂಬ ಹಾಗೆ. ‘ಮಧುರನಿಗೆ’ ಎಂದಿದ್ದರೆ ಅರ್ಥ ಅದೇ ಬರುತ್ತಿತ್ತು, ಆದರೆ ‘ಮಾಧ’ ಎಂಬ ನಾದ ಹೋಗುತ್ತಿತ್ತು.

‘ಬಾಧಿಪ್ಪ’ ಎಂದರೆ ಬಾಧಿಸುವ, ಕಾಡುವ. ಸಂಸ್ಕೃತದ ಬಾಧೆಗೆ ಕನ್ನಡದ ಬಾಲ.

‘ವಿಪರೀತ’ ಇದೆಯಲ್ಲ, ಇದು ದೊಡ್ಡ ಬಲೆ. ವಿಪರೀತ ಮಳೆ, ವಿಪರೀತ ಖರ್ಚು ಎನ್ನುವಾಗ ನಮಗೆ ಅದು ‘ಅತಿಯಾದ’. ಆ ಅರ್ಥ ಹಚ್ಚಿದರೆ ಕಲಿಯುಗವಿಪರೀತ ಎಂದರೆ ಕಲಿಯುಗವೇ ಅತಿಯಾಗಿ ಮೈವೆತ್ತವನು ಎಂದಾಗಿ ಹೊಗಳಿಕೆ ತಿರುಗಿ ಬೈಗುಳವಾಗುತ್ತದೆ! ಸಂಸ್ಕೃತದಲ್ಲಿ ವಿಪರೀತ ಎಂದರೆ ತಿರುಗುಮುರುಗಾದದ್ದು, ಎದುರು ದಿಕ್ಕಿನದು. ಕಲಿಯುಗದ ಗುಣಕ್ಕೆ ಎದುರಾಗಿ ನಿಂತವನು, ಕಾಲ ಹಾಳಾದರೂ ತಾನು ಹಾಳಾಗದವನು ಎಂಬುದು ಇಲ್ಲಿನ ಅರ್ಥ. ಪರಿಚಯ ಪದ್ಯದ ‘ಕಷ್ಟಜನ’ವೂ ಇದೇ ಜಾತಿಯ ಬಲೆ. ಕಷ್ಟದಲ್ಲಿರುವ ಜನರನ್ನು ದೂರ ಇಟ್ಟವನಲ್ಲ ಅರಭಟ್ಟ. ಕಷ್ಟಜನ ಎಂದರೆ ಕೆಟ್ಟ ಜನ.

ಇನ್ನು ‘ಪೆಱನ್’: ಬೇರೆಯವನು. ಆ ‘ಱ’ವನ್ನು ಶಕಟರೇಫ ಎನ್ನುತ್ತಾರೆ, ‘ರ’ಕ್ಕಿಂತ ಗಡುಸಾದ ಒಂದು ಧ್ವನಿ, ಈಗ ಬಳಕೆಯಲ್ಲಿಲ್ಲ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಳ್ಳಿ ಹಳ್ಳಿಯಾಯಿತು; ಅದೇ ಹಾದಿಯಲ್ಲಿ ಪೆಱ ‘ಹೆರ’ ಆಯಿತು. ನಡುಗನ್ನಡದಲ್ಲಿ ಕಾಣುವ ‘ಹೆರವರು’ ಎಂಬ ಮಾತು ಇದರ ಮಗುವೇ. ‘ಮಾಧವನೀತನ್ ಪೆಱನಲ್ಲ’: ಈತ ಮಾಧವನೇ, ಬೇರೊಬ್ಬನಲ್ಲ.

ಅಂದಹಾಗೆ, ಇಡೀ ಪದ್ಯದಲ್ಲಿ ಕೊನೆಯ ‘ಅಲ್ಲ’ ಒಂದನ್ನು ಬಿಟ್ಟರೆ ಕ್ರಿಯಾಪದವೇ ಇಲ್ಲ. ‘ಈತ ನಮ್ಮ ಅಣ್ಣ’ ಎನ್ನಲು ಕನ್ನಡಕ್ಕೆ ‘ಆಗಿದ್ದಾನೆ’ ಬೇಕಾಗುವುದಿಲ್ಲವಲ್ಲ, ಹಾಗೆ.

ಕಲಿ ಯಾರು?

ವಾದ ಏಳುವುದು ನಡುವಿನ ಸಾಲಿಗೆ. ಕನ್ನಡದಲ್ಲಿ ‘ಕಲಿ’ ಎಂದರೆ ಶೂರ. ಸಂಸ್ಕೃತದಲ್ಲಿ ಕಲಿ ಎಂದರೆ ಕಲಿಯುಗದ ಒಡೆಯ, ಕೇಡಿನ ರೂಪ. ‘ಬಾಧಿಪ್ಪ ಕಲಿಗೆ’ ಎಂದರೆ ಕಾಡುವ ಶೂರನಿಗೋ, ಕಾಡುವ ಕಲಿಪುರುಷನಿಗೋ?

ಈ ಪದ್ಯ ಒಂದನ್ನೇ ಹಿಡಿದುಕೊಂಡರೆ ಎರಡೂ ನಡೆಯುತ್ತದೆ. ಕೇಳುವವನ ಕಿವಿಯಲ್ಲಿ ಎರಡೂ ಮೊಳಗಲಿ ಎಂಬ ಆಟವೂ ಇರಬಹುದು. ಮೊದಲ ಸಾಲಿನ ಓಟ ಗಮನಿಸಿ: ಸಾಧುಗೆ ಸಾಧು, ಮಾಧುರ್ಯನ್ಗೆ ಮಾಧುರ್ಯಂ. ಇವನಿಗೆ ಇದೇ, ಅವನಿಗೆ ಅದೇ. ಎರಡು ಸಲ ಹೀಗೆ ಕೇಳಿದ ಕಿವಿ ಮೂರನೆಯ ಸಲಕ್ಕೂ ತಯಾರಾಗಿರುತ್ತದೆ. ‘ಕಲಿಗೆ ಕಲಿ…’ ಎಂದು ಬಂದೇಬಿಟ್ಟಿತು! ಕಾಡುವ ಕಲಿಗೆ ಈತನೂ ಕಲಿ ಎಂದು ಮುಗಿಯುತ್ತದೆ ಅಂದುಕೊಳ್ಳುವಷ್ಟರಲ್ಲಿ ಪದ ಬೆಳೆಯುತ್ತದೆ: ಕಲಿ-ಯುಗ-ವಿಪರೀತನ್. ಮುಯ್ಯಿಗೆ ಮುಯ್ಯಿ ಎಂದು ಹೊರಟ ಸಾಲು ಅಲ್ಲೇ ಹೊರಳಿ ‘ಎದುರಾದವನು’ ಎಂದು ನಿಲ್ಲುತ್ತದೆ. ಫೋನಿನ ಸಂದೇಶದಲ್ಲಿ ‘ಕೆಟ್ಟವರಿಗೆ ಯಮ’ ಎಂದಾಗ ಈ ಹೊರಳು ಪೂರ್ತಿ ಕಳೆದುಹೋಗುತ್ತದೆ.

ಆದರೂ ಯಾವ ಅರ್ಥ ಮುಂದೆ ಎಂದು ಕೇಳಿದರೆ, ಪಕ್ಕದ ಎರಡು ತ್ರಿಪದಿಗಳನ್ನು ಕೇಳಬೇಕು. ಅವುಗಳ ನಡುವಿನ ಸಾಲು ಹೀಗಿವೆ:

ಬಲ್ಲಿತ್ತು | ಕಲಿಗೆ | ವಿಪರೀತಾ | ಪುರಾಕೃತಂ
ಬಿಟ್ಟವೋಲ್ | ಕಲಿಗೆ | ವಿಪರೀತಂ | ಗಹಿತರ್ಕ್ಕಳ್

ಮೂರೂ ಪದ್ಯಗಳಲ್ಲಿ 6ನೆಯ ಗಣ, ಅಂದರೆ ಆ ಗಿಡ್ಡ ಮೆಟ್ಟಿಲು, ‘ಕಲಿಗೆ’! ಬೇರೆ ಯಾವ ಜಾಗದಲ್ಲೂ ಮೂರರಲ್ಲೂ ಒಂದೇ ಪದ ಬಂದಿಲ್ಲ. ಅಷ್ಟೇ ಅಲ್ಲ, ಉಳಿದೆರಡರಲ್ಲಿ ‘ಕಲಿಗೆ’ಯ ಪಕ್ಕದಲ್ಲೇ ‘ವಿಪರೀತ’ ಅಂಟಿಕೊಂಡಿದೆ: ಕಲಿಗೆ ವಿಪರೀತ. ಪರಿಚಯ ಪದ್ಯದಲ್ಲಿ ಬಿರುದಿನ ಹಾಗೆ ಬಂದ ‘ಕಲಿಯುಗವಿಪರೀತನ್’ ಎಂಬುದನ್ನೇ ಕವಿ ಬಿಡಿಸಿ ಹೇಳುತ್ತಿದ್ದಾನೆ. ಶೂರನಿಗೆ ವಿಪರೀತ ಎಂದರೆ ಹೇಡಿ ಎಂದಾಗುತ್ತದೆ. ಹೊಗಳುವ ಪದ್ಯದಲ್ಲಿ ಅದು ಹೊಂದದು. ಆದ್ದರಿಂದ ಕಲಿಪುರುಷ ಎಂಬ ಅರ್ಥವೇ ಮುಂದೆ, ಶೂರ ಎಂಬುದು ಅದರ ನೆರಳು ಎಂದು ನಾನು ಓದುತ್ತೇನೆ.

ಧ ಹಿಡಿದ ಕವಿಗೆ ಪದ ಎಲ್ಲಿಂದ?

ಪ್ರಾಸ ಅಕ್ಷರದ ಆಯ್ಕೆ ಕವಿಯ ಇಡೀ ಪದಸಂಪತ್ತನ್ನೇ ಒಂದು ಕಡೆಗೆ ಎಳೆಯುತ್ತದೆ. ‘ಧ’ ಮಹಾಪ್ರಾಣ. ಅಚ್ಚಗನ್ನಡ ಪದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ. ಧ ಪ್ರಾಸ ಹಿಡಿದವನು ಸಂಸ್ಕೃತದ ಕಣಜಕ್ಕೆ ಹೋಗಲೇಬೇಕು. ಹೋಗಿದ್ದಾನೆ: ಸಾಧು, ಮಾಧುರ್ಯ, ಬಾಧೆ, ಮಾಧವ. ಜೊತೆಗೆ ಕಲಿಯುಗ, ವಿಪರೀತ. ಕನ್ನಡದ್ದೆಂದರೆ ಈತ, ಪೆಱ, ಅಲ್ಲ. ಮೂರು ಸಾಲಿನಲ್ಲಿ ಧ ಆರು ಸಲ ಬರುತ್ತದೆ. ಮಾಧುರ್ಯದ ಬೇರು ಮಧು, ಜೇನು. ಮಾಧವ ಎಂದರೆ ಮಧುವಿನ ವಂಶದವನು ಎಂದೂ, ಮಾ ಎಂದರೆ ಲಕ್ಷ್ಮಿ, ಅವಳ ಧವ ಎಂದರೆ ಗಂಡ ಎಂದೂ ಬಿಡಿಸುತ್ತಾರೆ. ಬಿಡಿಸುವ ಬಗೆ ಯಾವುದೇ ಇರಲಿ, ಕಿವಿಗೆ ಮಾತ್ರ ಮೊದಲ ಸಾಲಿನ ಮಾಧುರ್ಯವೇ ಕೊನೆಯ ಸಾಲಿನಲ್ಲಿ ಮಾಧವನಾಗಿ ಬಂದ ಹಾಗೆ ಕೇಳುತ್ತದೆ.

ಅದೇ ಕವಿ, ಅದೇ ಬಂಡೆ, ಮೂರನೆಯ ತ್ರಿಪದಿಗೆ ಬನ್ನಿ:

ಕಟ್ಟಿದ ಸಿಂಘಮನ್ ಕೆಟ್ಟೊದೇನ್ ಎಮಗೆಂದು
ಬಿಟ್ಟವೋಲ್ ಕಲಿಗೆ ವಿಪರೀತಂಗೆ ಅಹಿತರ್ಕ್ಕಳ್
ಕೆಟ್ಟರ್ ಮೇಣ್ ಸತ್ತರ್ ಅವಿಚಾರಂ

ಇಲ್ಲಿ ಹಯಪ್ರಾಸ, ಅಕ್ಷರ ‘ಟ್ಟ’. ಅದು ಕನ್ನಡದ ಮನೆಯ ಸದ್ದು. ಹಾಗಾಗಿ ಪದಗಳೂ ಕನ್ನಡದವೇ: ಕಟ್ಟು, ಬಿಡು, ಕೆಡು. ‘ಸಿಂಹ’ ಕೂಡ ಸಿಂಘವಾಗಿ ನಾಲಿಗೆಗೆ ಒಗ್ಗಿಕೊಂಡಿದೆ. ‘ಎಮಗೆ’ ಎಂದರೆ ನಮಗೆ, ‘ವೋಲ್’ ಎಂದರೆ ಹಾಗೆ, ‘ಮೇಣ್’ ಎಂದರೆ ಮತ್ತು. ಅಹಿತರು ಎಂದರೆ ಹಿತ ಬಯಸದವರು, ಹಗೆಗಳು. ‘ಕೆಟ್ಟರ್’ ಎಂದರೆ ಅವರು ಕೆಟ್ಟವರು ಎಂದಲ್ಲ, ಹಾಳಾದರು. ಕೊನೆಯ ‘ಅವಿಚಾರಂ’ ಎಂಬುದನ್ನು ಯೋಚನೆಯಿಲ್ಲದೆ ಎಂದೂ ಓದಬಹುದು, ಸಂದೇಹವಿಲ್ಲದೆ ಎಂದೂ ಓದಬಹುದು. ಒಟ್ಟು ಮಾತು: ಕಟ್ಟಿಹಾಕಿದ ಸಿಂಹವನ್ನು ‘ನಮಗೇನು ಕೇಡಾದೀತು’ ಎಂದು ಬಿಚ್ಚಿಬಿಟ್ಟವರ ಹಾಗೆ, ಕಲಿಗೆ ವಿಪರೀತನಾದ ಇವನ ಹಗೆಗಳು ಕೆಟ್ಟರು, ಸತ್ತರು.

ಈಗ ಮೂರು ಸಾಲಿನ ಪ್ರಾಸಪದಗಳನ್ನು ಮಾತ್ರ ಸಾಲಾಗಿ ಓದಿ: ಕಟ್ಟಿದ, ಬಿಟ್ಟ, ಕೆಟ್ಟರ್. ಕಥೆ ಮುಗಿಯಿತು! ಪ್ರಾಸ ಬರೀ ಅಲಂಕಾರವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಮೊದಲ ಸಾಲಿನ ನಡುವೆ, ಮೂರನೆಯ ಗಣ ಶುರುವಾಗುವ ಕಡೆ, ‘ಕೆಟ್ಟೊದೇನ್’ ಎಂದು ಅದೇ ಟ್ಟ ಮತ್ತೆ ಬಂದಿದೆ. ಶತಮಾನಗಳ ನಂತರದ ಸರ್ವಜ್ಞನ ಹೆಸರಿನ ತ್ರಿಪದಿ ನೆನಪು ಮಾಡಿಕೊಳ್ಳಿ: ‘ಸರ್ವಜ್ಞನೆಂಬವನು ಗರ್ವದಿಂದಾದವನೆ’. ಸರ್ವ, ಗರ್ವ, ಅದೇ ಜಾಗ. ಎರಡನೆಯ ಸಾಲು ‘ಸರ್ವರೊಳು’, ಆಮೇಲೆ ‘ಪರ್ವತ’. ಬಂಡೆಯ ಮೇಲಿನ ಆ ಹೂಟ ಜನರ ಬಾಯಲ್ಲಿ ಹಾಗೇ ಉಳಿದಿದೆ.

ಓಲೆಗರಿಯ ಕವಿಗಳಿಗಂತೂ ಸಾವಿರ ವರ್ಷ ಇದು ಬಿಡಲಾಗದ ಕಟ್ಟುಪಾಡು. ಹೊಸಗನ್ನಡದಲ್ಲಿ ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಈ ಪ್ರಾಸವನ್ನು ಕೈಬಿಟ್ಟು ಬರೆದಾಗ ಅದೇ ಒಂದು ದೊಡ್ಡ ಚರ್ಚೆಯಾಯಿತು. ನವೋದಯದ ಕಾಲದಲ್ಲಿ ಅಂತ್ಯಪ್ರಾಸದ ರೂಢಿ ಹಬ್ಬಿತು. ನಾವು ಶಾಲೆಯಲ್ಲಿ ಕಲಿತ ಪದ್ಯಗಳು ಹೆಚ್ಚಾಗಿ ಆಮೇ­ಲಿನವು, ಹಾಗಾಗಿ ಪ್ರಾಸ ಎಂದ ಕೂಡಲೆ ಕಣ್ಣು ಸಾಲಿನ ತುದಿಗೆ ಓಡುತ್ತದೆ.

ಪ್ರಾಸ ಎಂಬ ಕಾವಲುಗಾರ

ಫೋನಿನ ಸಂದೇಶಗಳಲ್ಲಿ ಈ ಪದ್ಯ ‘ಸಾಧುಗೆ ಸಾಧು… ಬಾದಿಪ್ಪ ಕಲಿಗೆ’ ಎಂದು ಬಂದದ್ದನ್ನು ನೋಡಿದ್ದೇನೆ. ಹಳಗನ್ನಡ ಒಂದಕ್ಷರ ಬಾರದವರೂ ಈ ತಪ್ಪು ಹಿಡಿಯಬಹುದು: ಉಳಿದೆರಡು ಸಾಲಿನಲ್ಲಿ ಧ ಇರುವಾಗ ಇಲ್ಲೊಂದು ಕಡೆ ದ ಬಂದಿದೆಯಲ್ಲ! ಓಲೆಗರಿಗೆ ಹುಳು ಹಿಡಿದು, ಕಲ್ಲು ಸವೆದು ಅಕ್ಷರ ಅಳಿಸಿಹೋದಾಗ ಗ್ರಂಥ ಸಂಪಾದಕರು ಮಾಡುವುದೂ ಇದನ್ನೇ. ಸಾಲಿನ ಎರಡನೆಯ ಅಕ್ಷರ ಹೋಗಿದ್ದರೆ ಪ್ರಾಸ ಅದನ್ನು ಹೇಳುತ್ತದೆ. ನಡುವಿನದು ಹೋಗಿದ್ದರೆ ಎಷ್ಟು ಜಾಗ ಖಾಲಿ ಇದೆ ಎಂದು ಗಣ ಹೇಳುತ್ತದೆ.

ಆದರೆ ಕಾವಲುಗಾರನಿಗೂ ಒಂದು ಮಿತಿ. ನಾವು ಇಷ್ಟೊತ್ತು ಮುಟ್ಟದ ಎರಡನೆಯ ತ್ರಿಪದಿ ನೋಡಿ:

ಒಳ್ಳಿತ್ತ ಕೆಯ್ವೊರಾರ್ ಪೊಲ್ಲದುಮ್ ಅದರಂತೆ
ಬಲ್ಲಿತ್ತು ಕಲಿಗೆ ವಿಪರೀತಾ ಪುರಾಕೃತಂ
ಇಲ್ಲಿ ಸಂಧಿಕ್ಕುಂ ಅದು ಬಂದು

ಒಳ್ಳೆಯದನ್ನು ಮಾಡುವವರಾರು, ಕೆಟ್ಟದ್ದೂ ಹಾಗೆಯೇ. ಹಿಂದೆ ಮಾಡಿದ್ದು ಬಲವಾದದ್ದು, ಅದು ಬಂದು ಇಲ್ಲಿಯೇ ಕೂಡುತ್ತದೆ ಎಂಬಂಥ ಭಾವ. ಮೂರರಲ್ಲಿ ಅರ್ಥ ಬಿಗಿಯಾಗಿ ಕೈಗೆ ಸಿಗದ ಪದ್ಯ ಇದೇ. ‘ಕೆಯ್’ ಎಂದರೆ ಮಾಡು, ಹಾಡುಗಳಲ್ಲಿ ಬರುವ ‘ಗೈ’ ಅದೇ. ‘ಪೊಲ್ಲದು’ ಎಂದರೆ ಕೆಟ್ಟದ್ದು, ಆಮೇಲೆ ‘ಹೊಲ್ಲದು’ ಆಯಿತು.

ಪ್ರಾಸದ ಅಕ್ಷರ ನೋಡಿ: ಬಲ್ಲಿತ್ತು, ಇಲ್ಲಿ. ಸಾಲಿನ ನಡುವಿನ ಪೊಲ್ಲದು ಕೂಡ. ಎಲ್ಲ ಕಡೆ ‘ಲ್ಲ’. ಶುರುವಿನ ಪದ ಮಾತ್ರ ಒಳ್ಳಿತ್ತ, ‘ಳ್ಳ’. ತೂಕ ಸರಿಯಿದೆ, ನಾಲಿಗೆ ತುಸು ಹಿಂದಕ್ಕೆ ಮಡಚಿದರೆ ಲ ಹೋಗಿ ಳ ಆಗುತ್ತದೆ, ಅಷ್ಟು ಹತ್ತಿರದ ಸದ್ದು. ಆದರೂ ನಿಯಮದ ಪ್ರಕಾರ ಎರಡೂ ಬೇರೆ ಅಕ್ಷರ. ಉಳಿದೆರಡು ಪದ್ಯಗಳಲ್ಲಿ ಗೆರೆ ಎಳೆದ ಹಾಗೆ ಪ್ರಾಸ ಕೂರಿಸಿದವನು ಇಲ್ಲಿ ಸಡಿಲ ಬಿಟ್ಟನೇ? ಅವನ ಊರಿನ ಕಿವಿಗೆ ಇವೆರಡು ಜೋಡಿಯೆಂದೇ ಕೇಳುತ್ತಿದ್ದವೇ? ಓಲೆಗರಿಯಲ್ಲಿ ಇದು ಸಿಕ್ಕಿದ್ದರೆ ಯಾರೋ ಲಿಪಿಕಾರ ಎಂದೋ ‘ತಿದ್ದಿ’ ಸರಿಮಾಡಿಬಿಡುತ್ತಿದ್ದ. ಕಲ್ಲಿನಲ್ಲಿ ಕೆತ್ತಿದ್ದಕ್ಕೆ ಆ ಭಯವಿಲ್ಲ. ಕೆರೆಯ ಪಕ್ಕದ ಬಂಡೆಯ ಮೇಲೆ ಈಗಲೂ ‘ಒಳ್ಳಿತ್ತ’ ಎಂದೇ ಇದೆ.